ತಂಡ ಕಟ್ಟಿದವರ ಲೆಕ್ಕ

ಕಣದ ಕೆಲಸ ಮುಗಿಸಿ, ಕಾಫಿ ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಈ ಚಳಿಯಲ್ಲಿ ಅತ್ತಿಗುಂಡಿಯವರೆಗೆ ಬಂದಿದ್ದೀರಿ. ಅದಕ್ಕೆ ಮೊದಲ ಕೃತಜ್ಞತೆ.

2025ರ ಜೂನ್ 3ರ ರಾತ್ರಿ ನಿಮಗೆ ನೆನಪಿರಬೇಕು. ಅಹಮದಾಬಾದಿನ ಐಪಿಎಲ್ ಫೈನಲಿನಲ್ಲಿ ಪಂಜಾಬ್ ಕಿಂಗ್ಸ್ ಮೇಲೆ ನಮ್ಮ ಬೆಂಗಳೂರಿನ ತಂಡ ಆರ್‌ಸಿಬಿ 6 ರನ್ನಿನಿಂದ ಗೆದ್ದಿತು. 18ನೇ ಪ್ರಯತ್ನಕ್ಕೆ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಆ ಗೆಲುವನ್ನು ನೆನೆಯುವಾಗ ಅವರನ್ನೂ ನೆನೆಯಬೇಕು. ಗೆದ್ದದ್ದು ಯಾರಿಂದ ಎಂದು ಕೇಳಿದರೆ ಕೊಹ್ಲಿ ಎಂದವರುಂಟು, ನಾಯಕ ರಜತ್ ಪಾಟೀದಾರ್ ಎಂದವರುಂಟು, ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ತೆಗೆದ ಕೃಣಾಲ್ ಪಾಂಡ್ಯ ಎಂದವರುಂಟು. ಮೋ ಬೊಬಾಟ್ ಎಂದವರು ಬಹಳ ಕಡಿಮೆ. ಅವರು ತಂಡದ ಕ್ರಿಕೆಟ್ ನಿರ್ದೇಶಕರು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೋಟಿ ಎಂದು ಹರಾಜಿನ ಮೇಜಿನ ಮುಂದೆ ಕೂತು ತೀರ್ಮಾನಿಸಿದವರಲ್ಲಿ ಮುಖ್ಯರು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಈ ಕೆಲಸ ಮಾಡುವವರನ್ನು ಜನರಲ್ ಮ್ಯಾನೇಜರ್ ಎನ್ನುತ್ತಾರೆ. ಅಲ್ಲಿ 30 ತಂಡಗಳಿವೆ. ಸಂಬಳಕ್ಕೆ ಮಿತಿ ಇದೆ, ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಡ್ರಾಫ್ಟ್ ಇದೆ. ಅಂಕಣದಲ್ಲಿ ಒಂದು ಕಡೆಗೆ ಐದೇ ಜನ ಆಡುವುದರಿಂದ ಒಬ್ಬ ಸರಿಯಾದ ಹುಡುಗ ಸಿಕ್ಕರೆ ಹತ್ತು ವರ್ಷದ ಹಣೆಬರಹವೇ ಬದಲಾಗುತ್ತದೆ. ಹಾಗಾಗಿ ಈ ಮ್ಯಾನೇಜರುಗಳಲ್ಲಿ ಯಾರು ಮೇಲು ಎಂಬ ಚರ್ಚೆ ಅಲ್ಲಿ ವರ್ಷವಿಡೀ ನಡೆಯುತ್ತದೆ. ಆ ಚರ್ಚೆಯಲ್ಲಿ ಆಗುವ ತಪ್ಪು ನನಗೆ ಅಮೆರಿಕಕ್ಕಿಂತ ಮೊದಲು ನಮ್ಮ ಗುಡ್ಡದಲ್ಲೇ ಪರಿಚಯವಾಗಿತ್ತು.

ನಮ್ಮ ತಂದೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅವರ ಹತ್ತಿರ ಕೆಂಪು ರಟ್ಟಿನ ದಪ್ಪ ಪುಸ್ತಕವಿತ್ತು. ಎಡಗಡೆ ಮಳೆ, ಇಂಚು ಮತ್ತು ಸೆಂಟಿನಲ್ಲಿ. ಬಲಗಡೆ ಆ ದಿನದ ಆಳು, ಆ ದಿನದ ಕೆಲಸ: ಗಿಡ ಸವರುವ ಕಸಿ, ನೆರಳಿನ ಮರ ಸವರುವ ಮರಗಸಿ, ಗೊಬ್ಬರ, ಬೋರರ್ ಹುಡುಕುವುದು. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅಲ್ಲಿ ಒಬ್ಬ ಮ್ಯಾನೇಜರ್ ಬಂದರು. ಅರೇಬಿಕಾದ ಹಳೆಯ ತಾಕುಗಳಿಗೆ ಆ ಬೋರರ್, ಅಂದರೆ ಕಾಂಡಕೊರಕ, ಹತ್ತಿತ್ತು. ಅವರು ಮುಲಾಜು ನೋಡದೆ ಗಿಡ ಕೀಳಿಸಿ ಸುಡಿಸಿದರು, ಗುಂಡಿ ತೆಗೆಸಿ ಹೊಸ ಸಸಿ ಹಾಕಿಸಿದರು. ಸಸಿ ಕಣ್ಣಿಗೆ ಕಾಣುವ ಫಸಲು ಕೊಡುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಸಹಜವಾಗಿ ಫಸಲು ಇಳಿಯಿತು. ಅದರ ಮೇಲೆ ಒಂದು ವರ್ಷ ಹೂಮಳೆ ಕೈಕೊಟ್ಟಿತು: ಮಾರ್ಚ್‌ನಲ್ಲಿ ಮೊಗ್ಗು ಬಿರಿಯುವಷ್ಟು ಬಿತ್ತು, ಆಮೇಲೆ ಹೂವನ್ನು ಕಾಯಿಗೆ ನಿಲ್ಲಿಸುವ ಬ್ಯಾಕಿಂಗ್ ಮಳೆ ಬರಲೇ ಇಲ್ಲ. ಮಾಲೀಕರು ಅವರನ್ನು ಬಿಡಿಸಿದರು. ಮುಂದಿನವರು ಬಂದ ಎರಡನೇ ವರ್ಷಕ್ಕೆ ಹೊಸ ತಾಕು ಕಾಯಿ ಕಟ್ಟಿತು, ಮಳೆಯೂ ಹೊತ್ತಿಗೆ ಸರಿಯಾಗಿ ಬಂತು. ಅವರಿಗೆ ಸನ್ಮಾನವಾಯಿತು. ಆ ರಾತ್ರಿ ತಂದೆ ಪುಸ್ತಕ ತೆರೆದು ಸಸಿ ಹಾಕಿದ ವರ್ಷದ ಪುಟದ ಮೇಲೆ ಬೆರಳಿಟ್ಟು, "ಇದನ್ನ ಯಾರೂ ಓದೋದಿಲ್ಲ ನೋಡು ಮಗಾ" ಅಂದರು. ಆಮೇಲೆ ಬಂದವರು ಕೆಟ್ಟವರಲ್ಲ, ಶ್ರಮಜೀವಿಯೇ. ಆದರೆ ಅನ್ಯಾಯ ಅನ್ಯಾಯವೇ, ಇವತ್ತಿಗೂ ನನಗೆ ಅದು ನೋಯುತ್ತದೆ.

ಇಬ್ಬರು ಮ್ಯಾನೇಜರುಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಆ ಪುಟದಿಂದಲೇ ಬಂದದ್ದು: ಬಂದಾಗ ಕೈಗೆ ಏನು ಸಿಕ್ಕಿತ್ತು, ಹೋಗುವಾಗ ಏನು ಬಿಟ್ಟುಹೋದರು?

ಆರ್‌ಸಿಬಿಗೆ ಇದನ್ನು ಹಚ್ಚಿ ನೋಡಿ. 2019ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಮೈಕ್ ಹೆಸನ್ ತಂಡ ಕಟ್ಟುವ ಈ ಕೆಲಸಕ್ಕೆ ಬಂದಾಗ ತಂಡ ತಳ ಹಿಡಿದಿತ್ತು. 2017ರಲ್ಲಿ 8ನೇ ಸ್ಥಾನ, 2018ರಲ್ಲಿ 6, 2019ರಲ್ಲಿ ಮತ್ತೆ 8. ಅವರ ಕೈಯಲ್ಲಿ 2020, 2021, 2022, ಮೂರು ವರ್ಷ ಸತತವಾಗಿ ಪ್ಲೇಆಫ್ ತಲುಪಿತು. ಡೆಲ್ಲಿಯಿಂದ ವಿನಿಮಯದಲ್ಲಿ ತಂದ ಹರ್ಷಲ್ ಪಟೇಲ್ 2021ರಲ್ಲಿ 32 ವಿಕೆಟ್ ತೆಗೆದರು. ಅದೇ ವರ್ಷ 15 ಕೋಟಿ ಕೊಟ್ಟು ತಂದ ಕೈಲ್ ಜೇಮೀಸನ್ 9 ಪಂದ್ಯದಲ್ಲಿ 9 ವಿಕೆಟ್ ತೆಗೆದರು. ಎರಡೂ ಒಬ್ಬರದೇ ಖಾತೆ. ಆಮೇಲೆ ಸ್ಪಿನ್ನರ್ ಚಾಹಲ್ ವಿಷಯ. 2022ಕ್ಕೆ ಚಾಹಲ್‌ರನ್ನು ಬಿಟ್ಟದ್ದಕ್ಕೆ ನಮ್ಮ ಕಡೆ ಹಾಕಿದ ಶಾಪ ಕಡಿಮೆಯಲ್ಲ, ನಾನೂ ಬಹಳ ಬೇಜಾರು ಮಾಡಿಕೊಂಡೆ. ಲೆಕ್ಕ ಹಾಕಿದಾಗ ಕಂಡದ್ದೇ ಬೇರೆ. ಚಾಹಲ್ ರಾಜಸ್ಥಾನಕ್ಕೆ ಆ ವರ್ಷ 27 ವಿಕೆಟ್ ಕೊಟ್ಟರು. ಅವರ ಜಾಗಕ್ಕೆ ಬಂದ ಹಸರಂಗ ನಮಗೆ 26 ಕೊಟ್ಟರು. ವಿಕೆಟ್ಟಿನಲ್ಲಿ ನಷ್ಟ ಒಂದೇ. ಬೆಲೆಯಲ್ಲಿ ಮಾತ್ರ ದೊಡ್ಡದು: ರಾಜಸ್ಥಾನ ಕೊಟ್ಟದ್ದು ಆರೂವರೆ ಕೋಟಿ, ನಾವು ಕೊಟ್ಟದ್ದು ಹತ್ತೂಮುಕ್ಕಾಲು. ಎಲ್ಲ ತಂಡಕ್ಕೂ ಒಂದೇ ಅಳತೆಯ ಥೈಲಿ ಇರುವ ಆಟದಲ್ಲಿ ಆ ನಾಲ್ಕೂಕಾಲು ಕೋಟಿಗೆ ಇನ್ನೊಬ್ಬ ಒಳ್ಳೆಯ ಆಟಗಾರ ಬರುತ್ತಿದ್ದ. ತಪ್ಪು ಅಲ್ಲಿತ್ತು, ನಾವು ಬೈದ ಜಾಗದಲ್ಲಿರಲಿಲ್ಲ.

2023ರಲ್ಲಿ ತಂಡ 6ನೇ ಸ್ಥಾನಕ್ಕೆ ಇಳಿಯಿತು, ಹೆಸನ್ ಹೋದರು, ಬೊಬಾಟ್ ಬಂದರು. ಜೆಡ್ಡಾದಲ್ಲಿ 2024ರ ನವೆಂಬರಿನಲ್ಲಿ ನಡೆದ ಹರಾಜು ಅವರ ನಿಜವಾದ ಪರೀಕ್ಷೆ. ಸಿರಾಜ್, ಮ್ಯಾಕ್ಸ್‌ವೆಲ್, ಡುಪ್ಲೆಸಿ ಮೂವರನ್ನೂ ಉಳಿಸಿಕೊಳ್ಳಲಿಲ್ಲ. ನಮ್ಮ ಕೆ.ಎಲ್. ರಾಹುಲ್ ಬಂದೇ ಬರುತ್ತಾರೆಂದು ಇಡೀ ಕರ್ನಾಟಕ ಕಾದಿತ್ತು, 14 ಕೋಟಿಗೆ ಡೆಲ್ಲಿಗೆ ಹೋದರು. ಬೊಬಾಟ್ ಹೇಜಲ್‌ವುಡ್‌ಗೆ ಹನ್ನೆರಡೂವರೆ ಕೋಟಿ, ಭುವನೇಶ್ವರ್‌ಗೆ ಹತ್ತೂಮುಕ್ಕಾಲು, ಕೃಣಾಲ್‌ಗೆ ಐದೂಮುಕ್ಕಾಲು ಎಂದು ಹಣವನ್ನು ಹರಡಿದರು. ಆ ಸಂಜೆ ಅವರನ್ನು ಹೊಗಳಿದವರು ಕಡಿಮೆ. 2025ರಲ್ಲಿ 9 ಬೇರೆಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು, ಲೀಗ್ ಹಂತದ 7 ಹೊರಗಿನ ಪಂದ್ಯಗಳನ್ನೂ ತಂಡ ಗೆದ್ದಿತು. ಒಬ್ಬರ ಹೆಗಲ ಮೇಲೆ ಭಾರ ಹಾಕಿ ಬಂದ ತಂಡಕ್ಕೆ ಇದು ದೊಡ್ಡ ತಿರುವು. ಕೆಲಸ ಅಮೋಘ, ಎರಡು ಮಾತಿಲ್ಲ.

ಆದರೆ ಕಪ್ ಎತ್ತಿದ ನಾಯಕ ಎಲ್ಲಿಂದ ಬಂದರು? 2022ರ ಹರಾಜಿನಲ್ಲಿ ಪಾಟೀದಾರ್ ಅವರನ್ನು ಯಾರೂ ಕೊಳ್ಳಲಿಲ್ಲ, ಆರ್‌ಸಿಬಿ ಕೂಡ. ನಮ್ಮದೇ ಕರ್ನಾಟಕದ ಹುಡುಗ ಲುವನಿತ್ ಸಿಸೋಡಿಯಾ ಗಾಯಗೊಂಡದ್ದರಿಂದ ಆ ಜಾಗಕ್ಕೆ 20 ಲಕ್ಷಕ್ಕೆ ಕರೆತಂದರು. ಮೇ 25ರಂದು ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ ಅವರು ಔಟಾಗದೆ 112 ಹೊಡೆದರು. ಇದನ್ನು ಹೆಸನ್ ಅವರ ದೂರದೃಷ್ಟಿ ಎನ್ನಲಾರೆ, ದೂರದೃಷ್ಟಿ ಇದ್ದಿದ್ದರೆ ಹರಾಜಿನಲ್ಲೇ ಕೈ ಎತ್ತುತ್ತಿದ್ದರು. ಬರೀ ಅದೃಷ್ಟ ಎನ್ನಲೂ ಆರೆ. ಬದಲಿ ಬೇಕಾದಾಗ ಆ ಹೆಸರೇ ನೆನಪಿಗೆ ಬರಬೇಕಾದರೆ ಯಾರೋ ಅವರ ಆಟ ನೋಡಿಟ್ಟಿದ್ದಿರಬೇಕು. ಅದು ಹೂಮಳೆಯ ಹಾಗೆ. ಮಳೆ ತರಿಸುವುದು ಯಾರ ಕೈಯಲ್ಲೂ ಇಲ್ಲ, ಮಳೆ ಬಂದಾಗ ಗಿಡ ಕಸಿಯಾಗಿ ಸಿದ್ಧವಿರುವುದು ಮ್ಯಾನೇಜರ್ ಕೈಯಲ್ಲಿದೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಮಳೆಗೆ ಲಾಟರಿ ಎಂದೇ ಹೆಸರು. ಸೋತ ತಂಡಗಳ ನಡುವೆ ಚೀಟಿ ಎತ್ತಿ ಡ್ರಾಫ್ಟಿನ ಮೊದಲ ಸರದಿ ಕೊಡುತ್ತಾರೆ. 2025ರ ಫೆಬ್ರವರಿಯಲ್ಲಿ ಡಲಸ್ ತಂಡದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ತಮ್ಮ ಅತ್ಯುತ್ತಮ ಆಟಗಾರ ಲೂಕಾ ಡಾಂಚಿಚ್‌ರನ್ನು ಲಾಸ್ ಏಂಜಲೀಸ್‌ಗೆ ಕೊಟ್ಟುಬಿಟ್ಟರು. ಅಭಿಮಾನಿಗಳು ರೊಚ್ಚಿಗೆದ್ದರು. ಮೂರು ತಿಂಗಳಲ್ಲಿ, ನೂರಕ್ಕೆ ಎರಡು ಪಾಲೂ ಇಲ್ಲದ ಅವಕಾಶದಲ್ಲಿ, ಅದೇ ಡಲಸ್‌ಗೆ ಲಾಟರಿ ಹೊಡೆದು ಕೂಪರ್ ಫ್ಲ್ಯಾಗ್ ಎಂಬ ಅಪರೂಪದ ಹುಡುಗ ಸಿಕ್ಕ. ಫ್ಲ್ಯಾಗ್ ಎಷ್ಟೇ ಚೆನ್ನಾಗಿ ಆಡಲಿ, ಅದು ಹ್ಯಾರಿಸನ್ ಅವರ ತೀರ್ಮಾನವನ್ನು ಸರಿ ಮಾಡುವುದಿಲ್ಲ. ನವೆಂಬರಿನಲ್ಲಿ ಅವರನ್ನು ಕೆಲಸದಿಂದ ತೆಗೆದರು.

ಒಂದೇ ತಪ್ಪು ಹಿಡಿದು ತೀರ್ಪು ಕೊಡುವುದೂ ಸಲ್ಲದು. ಡೆಟ್ರಾಯಿಟ್‌ನ ಜೋ ಡೂಮಾರ್ಸ್ 2003ರಲ್ಲಿ ಎರಡನೇ ಸರದಿಯಲ್ಲಿ ಡಾರ್ಕೊ ಮಿಲಿಚಿಚ್‌ನನ್ನು ಆರಿಸಿದರು. ಅವನ ಬೆನ್ನಿಗೇ ಕಾರ್ಮೆಲೊ ಆಂಟನಿ, ಕ್ರಿಸ್ ಬಾಶ್, ಡ್ವೇನ್ ವೇಡ್ ಇದ್ದರು. ಅದಕ್ಕಿಂತ ದೊಡ್ಡ ಎಡವಟ್ಟು ಹುಡುಕುವುದು ಕಷ್ಟ. ಆದರೆ ಬೇರೆ ತಂಡಗಳು ಕೈಬಿಟ್ಟವರನ್ನು ಒಬ್ಬೊಬ್ಬರಾಗಿ ಸೇರಿಸಿ ಅವರು ಕಟ್ಟಿದ ತಂಡ ಮರುವರ್ಷವೇ, 2004ರಲ್ಲಿ, ಚಾಂಪಿಯನ್ ಆಯಿತು.

ಫಿಲಡೆಲ್ಫಿಯಾದ ಸ್ಯಾಮ್ ಹಿಂಕಿ ನಮ್ಮ ತಂದೆಯ ಆ ಮ್ಯಾನೇಜರ್ ಹಾಗೆಯೇ. 2013ರಲ್ಲಿ ಬಂದು ಹಳೆಯದನ್ನು ಕಿತ್ತುಹಾಕಿದರು. ತಂಡ ಮೂರು ವರ್ಷ ತಲಾ 82 ಪಂದ್ಯಗಳಲ್ಲಿ 19, 18, ಕೊನೆಗೆ 10 ಗೆದ್ದಿತು. 2016ರ ಏಪ್ರಿಲಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಅವರು ಆರಿಸಿದ ಜೋಯೆಲ್ ಎಂಬೀಡ್ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. ಆದರೂ ಆ ತಂಡಕ್ಕೆ ಕಪ್ ಬರಲಿಲ್ಲ. ಹಿಂಕಿ ವಿಷಯದಲ್ಲಿ ನನಗೆ ಸಹಾನುಭೂತಿಯಿದೆ, ಪೂರ್ತಿ ಒಪ್ಪಿಗೆಯಿಲ್ಲ. ಮೂರು ವರ್ಷ ಸೋಲುವುದನ್ನೇ ರೂಢಿ ಮಾಡಿಕೊಂಡರೆ ಮನೆಯಲ್ಲಿ ಕೂತು ನೋಡುವ ಹುಡುಗನಿಗೆ ಏನು ಉಳಿಯಿತು?

ನನ್ನ ಮೆಚ್ಚುಗೆ ಓಕ್ಲಹೋಮ ಸಿಟಿಯ ಸ್ಯಾಮ್ ಪ್ರೆಸ್ಟಿಗೆ. 2007, 2008, 2009ರಲ್ಲಿ ಅವರು ಆರಿಸಿದ ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಮುಂದೆ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಆದರೂ ಕಪ್ ಬರಲಿಲ್ಲ, ಮೂವರೂ ಹೋದರು. 2019ರಲ್ಲಿ ಪಾಲ್ ಜಾರ್ಜ್‌ರನ್ನು ಕೊಟ್ಟು ಇನ್ನೂ ಹೆಸರಾಗದ ಶೈ ಗಿಲ್ಜಸ್-ಅಲೆಕ್ಸಾಂಡರ್ ಮತ್ತು ಮುಂದಿನ ವರ್ಷಗಳ ಐದು ಡ್ರಾಫ್ಟ್ ಸರದಿಗಳನ್ನು ತಂದರು. 2025ರಲ್ಲಿ ಆ ತಂಡ 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮಾಲೀಕರ ತಾಳ್ಮೆ. ಹದಿನೆಂಟು ವರ್ಷ ಅದೇ ಮನುಷ್ಯನ ಕೈಗೆ ತೋಟ ಕೊಟ್ಟಿದ್ದರು.

ನಮ್ಮಲ್ಲಿ ಆ ತಾಳ್ಮೆ ಕಾಣಲಿಲ್ಲ. 2008ರ 19 ವರ್ಷದೊಳಗಿನವರ ಆಯ್ಕೆಯಲ್ಲಿ ಡೆಲ್ಲಿ ಪ್ರದೀಪ್ ಸಾಂಗ್ವಾನ್‌ರನ್ನು ತೆಗೆದುಕೊಂಡಿತು, ಆರ್‌ಸಿಬಿ ಕೊಹ್ಲಿಯನ್ನು. ಸೆಹ್ವಾಗ್, ಗಂಭೀರ್ ಇದ್ದ ಡೆಲ್ಲಿಗೆ ಬೌಲರ್ ಬೇಕಿತ್ತು, ಅವತ್ತಿನ ಮಟ್ಟಿಗೆ ಅದು ದಡ್ಡತನವಲ್ಲ. ಆ ವರ್ಷ ಆರ್‌ಸಿಬಿ 14ರಲ್ಲಿ 4 ಪಂದ್ಯ ಗೆದ್ದಿತು, ಸಿಇಒ ಚಾರು ಶರ್ಮಾ ಋತು ಮುಗಿಯುವ ಮುನ್ನವೇ ಹೊರಬಿದ್ದರು. ಅವತ್ತು ಬಂದ ಹುಡುಗ ಕೊಹ್ಲಿ ಮಾತ್ರ 2025ರ ಫೈನಲ್‌ನಲ್ಲೂ ಆಡಿದ.

ಬೊಬಾಟ್ ಅವರಿಗೆ ಸಿಕ್ಕಷ್ಟು ಹೊಗಳಿಕೆ ನ್ಯಾಯವಾದದ್ದೇ. ಹೆಸನ್ ಅವರಿಗೆ ಸಿಕ್ಕದ್ದು ಸಾಲದು. ತಳದ ತಂಡವನ್ನು ಮೂರು ಸಲ ಪ್ಲೇಆಫ್‌ಗೆ ಒಯ್ದ ಅವರ ಹೆಸರು ಕಪ್ ಬಂದ ರಾತ್ರಿ ಕೇಳಿಬರಬೇಕಿತ್ತು. ಇಲ್ಲಿರುವ ಹುಡುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ದೊಡ್ಡ ಹರಾಜು ಮುಗಿದ ರಾತ್ರಿಯೇ, ಮೊದಲ ಚೆಂಡು ಬೀಳುವ ಮೊದಲು, ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಆಟಗಾರ, ಎಷ್ಟಕ್ಕೆ, ನಿಮ್ಮ ಪ್ರಕಾರ ಸರಿಯೋ ತಪ್ಪೋ, ಯಾಕೆ. ತಾರೀಖು ಹಾಕಿ. ಮೂರು ವರ್ಷ ಬಿಟ್ಟು ಅದನ್ನು ಈ ಸಭೆಗೆ ತನ್ನಿ, ಒಟ್ಟಿಗೆ ಕೂತು ಓದೋಣ. ನಾನೂ ನನ್ನದನ್ನು ತರುತ್ತೇನೆ.