ನಮ್ಮ ವಿಡಿಯೋ, ನಮ್ಮದೇ ಜಾಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ಎಲ್ಲೇ ಇರ್ರಿ, ಇವತ್ತು ಸ್ವಲ್ಪ ಲೆಕ್ಕ ಐತಿ.

ಶ್ರೀಕೃಷ್ಣ ಪಾರಿಜಾತದ ಆರು ತಾಸಿನ ಆಟ ಚಿತ್ರೀಕರಿಸಿ ಒಂದು ಆ್ಯಪ್‌ಗೆ ಹಾಕಿದ್ದೆ. ಯಾರದೋ ಕಾಪಿರೈಟ್ ತಕರಾರು ಬಂತು, ಖಾತೆನ ಬಂದ್. ಭಾಗವತ ಆಗಿದ್ದ ಅಜ್ಜ ಈಗಿಲ್ಲ. ಅವರ ಮೊಮ್ಮಗ ಫೋನ್ ಮಾಡಿ, 'ಆ ವಿಡಿಯೋ ಎಲ್ಲೈತ್ರಿ?' ಅಂದ. ಹಾರ್ಡ್‌ಡಿಸ್ಕ್‌ನ್ಯಾಗ ಇತ್ತು, ಪುಣ್ಯ.

ಈಗ ಲೆಕ್ಕ. 480ಪಿ, ಸೆಕೆಂಡಿಗೆ 1 ಮೆಗಾಬಿಟ್ ಅಂದ್ರ ತಾಸಿಗೆ 450 ಎಂಬಿ. ಆರು ತಾಸಿಗೆ 2.7 ಜಿಬಿ. ಕ್ಲೌಡ್‌ನ್ಯಾಗ ಇಡೋದು ಅಗ್ಗ. ಹೊರಗ ಹೋಗೋ ಡೇಟಾನ ತುಟ್ಟಿ. ಸಾವಿರ ಮಂದಿ ಪೂರ್ತಿ ನೋಡಿದ್ರ 2,700 ಜಿಬಿ! ಅಮೆಜಾನ್‌ನ ಎಸ್3ಯಲ್ಲಿ ತಿಂಗಳಿಗೆ ಮೊದಲ 100 ಜಿಬಿ ಅಷ್ಟೇ ಪುಕ್ಕಟೆ. ಕ್ಲೌಡ್‌ಫ್ಲೇರ್‌ನ ಆರ್2 ಹೊರಗ ಹೋಗೋ ಡೇಟಾಕ್ಕ ದುಡ್ಡು ಹಚ್ಚೂದಿಲ್ಲ. 10 ಜಿಬಿ ಜಾಗ, ತಿಂಗಳಿಗೆ 1 ಕೋಟಿ ಓದುವಿಕೆ ಪುಕ್ಕಟೆ.

ಎಫ್‌ಎಫ್‌ಎಂಪೆಗ್‌ನಿಂದ ಆರಾರು ಸೆಕೆಂಡಿನ ಎಚ್‌ಎಲ್‌ಎಸ್ ತುಣುಕು ಮಾಡ್ರಿ: 3,600 ಆಗ್ತಾವು. ಸಾವಿರ ಮಂದಿಗೆ 36 ಲಕ್ಷ ಓದುವಿಕೆ. ಮಿತಿಯೊಳಗ ಬಂತು! ಉಳಿದಿದ್ದು ಡೊಮೇನ್ ಖರ್ಚು.

ಎರಡು ಮಾತು ಮರೀಬ್ಯಾಡ್ರಿ: ಮೊದಲು ಮೇಳದವರ ಒಪ್ಪಿಗೆ ತಗೋರಿ, ಮೂಲ ಪ್ರತಿ ಮನ್ಯಾಗಿಡ್ರಿ. ಮೊಮ್ಮಗನಿಗೆ ಲಿಂಕ್ ಕಳಿಸೀನಿ. ಮನಿಮಂದಿ ಕೂಡಿ ನೋಡಿದ್ರಂತ.

ಮುಂದಿನ ವಾರ ಸಿಗೋಣ್ರಿ.