ಗೃಹಸ್ಥ, ಗುರು, ಸೇನಾಪತಿ: ದ್ರೋಣಾಚಾರ್ಯರ ಸ್ಮರಣೆ
(ಉಪನ್ಯಾಸದ ಲಿಖಿತ ರೂಪ)

ಶ್ರೀ ಗುರುಭ್ಯೋ ನಮಃ. ಹರಿಃ ಓಂ.



ಕುರುಕ್ಷೇತ್ರದ 18 ದಿನಗಳ ಯುದ್ಧದಲ್ಲಿ ಮೊದಲ 10 ದಿನ ಕೌರವಸೇನೆಯನ್ನು ನಡೆಸಿದವರು ಭೀಷ್ಮಾಚಾರ್ಯರು. ಅವರು ಶರಶಯ್ಯೆಯನ್ನು ಸೇರಿದ ಮೇಲೆ 5 ದಿನ ಸೇನಾಧಿಪತ್ಯವನ್ನು ವಹಿಸಿದವರು ದ್ರೋಣಾಚಾರ್ಯರು. ಆ 5 ದಿನಗಳ ವೃತ್ತಾಂತಕ್ಕೆ ಭಗವಾನ್ ವೇದವ್ಯಾಸರು ಒಂದು ಇಡೀ ಪರ್ವವನ್ನೇ ಮೀಸಲಿಟ್ಟಿದ್ದಾರೆ. ಆದರೂ ದ್ರೋಣರ ಹೆಸರೆತ್ತಿದೊಡನೆ ಜನರ ಬಾಯಿಗೆ ಬರುವುದು ಎರಡೇ ಪ್ರಸಂಗಗಳು: ಹಕ್ಕಿಯ ಕಣ್ಣು ಮತ್ತು ಏಕಲವ್ಯನ ಹೆಬ್ಬೆರಳು. ಒಂದರಲ್ಲಿ ಅವರು ಆದರ್ಶ ಗುರು, ಇನ್ನೊಂದರಲ್ಲಿ ನಿಷ್ಕರುಣ ಗುರು. ಈ ಎರಡರ ನಡುವೆ ಬದುಕಿದ್ದ ಒಬ್ಬ ಗೃಹಸ್ಥನನ್ನು, ಹೆಂಡತಿ ಮತ್ತು ಒಬ್ಬನೇ ಮಗನ ಮೇಲೆ ಪ್ರಾಣವಿಟ್ಟುಕೊಂಡಿದ್ದ ಒಬ್ಬ ಬಡ ಬ್ರಾಹ್ಮಣನನ್ನು ಸ್ಮರಿಸುವವರು ಕಡಿಮೆ.

ದ್ರೋಣರು ಭರದ್ವಾಜ ಮಹರ್ಷಿಗಳ ಪುತ್ರರು; ಗಂಗಾದ್ವಾರದ, ಅಂದರೆ ಇಂದಿನ ಹರಿದ್ವಾರದ ಪ್ರದೇಶದ ಆಶ್ರಮದಲ್ಲಿ ಬೆಳೆದವರು. ದೇವಗುರು ಬೃಹಸ್ಪತಿಯ ಅಂಶದಿಂದ ಅವತರಿಸಿದವರೆಂದು ಆದಿಪರ್ವವೇ ಹೇಳುತ್ತದೆ. ನಮ್ಮ ಸಂಪ್ರದಾಯವೂ ಅವರನ್ನು ಹಾಗೆಯೇ ಕಾಣುತ್ತದೆ. ಪಾಂಚಾಲರಾಜ ಪೃಷತನ ಮಗ ದ್ರುಪದ ಅದೇ ಆಶ್ರಮಕ್ಕೆ ಬಂದು ಬಾಲಕ ದ್ರೋಣರೊಡನೆ ಆಡುತ್ತಿದ್ದ, ಕಲಿಯುತ್ತಿದ್ದ. ರಾಜ್ಯ ಬಂದಾಗ ಅದು ನಿನಗೂ ಸೇರಿದ್ದು ಎಂದು ಆ ವಯಸ್ಸಿನ ಹುಡುಗರು ಹೇಳುವಂತೆ ಹೇಳಿಯೂ ಇದ್ದ. ಮುಂದೆ ದ್ರೋಣರು ಕೃಪಾಚಾರ್ಯರ ತಂಗಿ ಕೃಪಿಯನ್ನು ವಿವಾಹವಾದರು. ಹುಟ್ಟಿದ ಕ್ಷಣದಲ್ಲಿಯೇ ಉಚ್ಚೈಃಶ್ರವಸ್ಸಿನಂತೆ ಹೇಷಾರವ ಮಾಡಿದ ಕೂಸಿಗೆ ಅಶ್ವತ್ಥಾಮನೆಂದು ಹೆಸರಾಯಿತು.

ಈ ಸಂಸಾರದ ಕಥೆ ನಿಜವಾಗಿ ಆರಂಭವಾಗುವುದು ಒಂದು ಬಟ್ಟಲು ಹಾಲಿನಿಂದ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ನೋಡಿ ಅಶ್ವತ್ಥಾಮ ತನಗೂ ಬೇಕೆಂದು ಅತ್ತ. ಮನೆಯಲ್ಲಿ ಆಕಳಿಲ್ಲ. ಧರ್ಮಮಾರ್ಗದಿಂದ ಬಂದ ಗೋವನ್ನೇ ದಾನವಾಗಿ ಪಡೆಯಬೇಕೆಂಬ ನಿಯಮವುಳ್ಳ ತಂದೆ ಊರಿಂದೂರಿಗೆ ಅಲೆದರು; ಎಲ್ಲಿಯೂ ಸಿಗಲಿಲ್ಲ. ಮರಳಿ ಬಂದಾಗ ಕಂಡದ್ದೇನು? ಓರಗೆಯ ಮಕ್ಕಳು ಹಿಟ್ಟನ್ನು ನೀರಿನಲ್ಲಿ ಕದಡಿ ಕೊಟ್ಟಿದ್ದರು. ಅದನ್ನು ಕುಡಿದು ಮಗ ಹಾಲು ಕುಡಿದೆನೆಂದು ಕುಣಿಯುತ್ತಿದ್ದ. ಸುತ್ತ ನಿಂತ ಮಕ್ಕಳು ನಗುತ್ತಿದ್ದರು. ಹಣ ಗಳಿಸಲಾರದ ದ್ರೋಣನಿಗೆ ಧಿಕ್ಕಾರ ಎಂಬ ಮಾತೂ ಅವರ ಕಿವಿಗೆ ಬಿತ್ತು. ಮುಂದೆ ಭೀಷ್ಮಾಚಾರ್ಯರ ಮುಂದೆ ದ್ರೋಣರು ತಮ್ಮ ಪೂರ್ವವೃತ್ತಾಂತವನ್ನು ಹೇಳಿಕೊಳ್ಳುವಾಗ ತಮ್ಮ ಅಸ್ತ್ರವಿದ್ಯೆಯನ್ನು ಬಣ್ಣಿಸುವುದಕ್ಕಿಂತ ಹೆಚ್ಚು ಮನಮುಟ್ಟುವಂತೆ ಹೇಳುವುದು ಈ ಹಿಟ್ಟಿನ ನೀರಿನ ಕಥೆಯನ್ನೇ. ಮಕ್ಕಳನ್ನು ಸಾಕಿದ ಯಾರಿಗೂ ಇದಕ್ಕೆ ವ್ಯಾಖ್ಯಾನ ಬೇಕಾಗದು.

ಪರಶುರಾಮದೇವರು ತಮ್ಮ ಐಶ್ವರ್ಯವನ್ನೆಲ್ಲ ದಾನ ಮಾಡುತ್ತಿದ್ದಾರೆಂದು ಕೇಳಿ ದ್ರೋಣರು ಹೋದರು. ತಲುಪುವಷ್ಟರಲ್ಲಿ ಶರೀರ ಮತ್ತು ಅಸ್ತ್ರಗಳ ಹೊರತು ಏನೂ ಉಳಿದಿರಲಿಲ್ಲ. ಅವರು ಅಸ್ತ್ರಗಳನ್ನು ಬೇಡಿದರು. ವಿದ್ಯೆ ದೊರಕಿತು, ಹಾಲು ದೊರಕಲಿಲ್ಲ. ಬಾಲ್ಯದ ಮಾತನ್ನು ನಂಬಿ ಹೆಂಡತಿ ಮಕ್ಕಳೊಡನೆ ದ್ರುಪದನ ಬಳಿಗೆ ಹೋದಾಗ, ಸಖ್ಯವೆಂಬುದು ಸಮಾನರ ನಡುವೆ ಮಾತ್ರ ಎಂದು ಅವನು ತುಂಬಿದ ಸಭೆಯಲ್ಲಿ ಅವಮಾನಿಸಿದ. ಒಬ್ಬನೇ ಇದ್ದಿದ್ದರೆ ದ್ರೋಣರು ಅದನ್ನು ನುಂಗಿಕೊಳ್ಳುತ್ತಿದ್ದರೋ ಏನೋ, ಜೊತೆಯಲ್ಲಿ ಸಂಸಾರವಿತ್ತು.

ಹಸ್ತಿನಾವತಿಯ ಹೊರಗೆ ಪಾಳು ಬಾವಿಗೆ ಬಿದ್ದ ಆಟದ ಉಂಡೆಯನ್ನು ಹುಲ್ಲಿನ ಕಡ್ಡಿಗಳಿಂದ ಒಂದಕ್ಕೊಂದು ಪೋಣಿಸಿ ಮೇಲೆತ್ತಿದ ಪ್ರಸಂಗ ಎಲ್ಲರಿಗೂ ಗೊತ್ತು. ಭೀಷ್ಮಾಚಾರ್ಯರು ಆ ಬಡ ಬ್ರಾಹ್ಮಣನಿಗೆ ಧನಧಾನ್ಯ ತುಂಬಿದ ಮನೆಯನ್ನು ಕೊಟ್ಟು ರಾಜಕುಮಾರರನ್ನು ಒಪ್ಪಿಸಿದರು. ದೆಹಲಿಯ ಸಮೀಪದ ಗುರುಗ್ರಾಮ, 2016ರವರೆಗೆ ಅಧಿಕೃತವಾಗಿ ಗುಡಗಾಂವ್ ಎನಿಸಿಕೊಂಡಿದ್ದ ಊರು, ದ್ರೋಣರಿಗೆ ಶಿಷ್ಯರು ಕೊಟ್ಟ ಗ್ರಾಮವೆಂದು ಆ ಪ್ರಾಂತದವರ ನಂಬಿಕೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ರಾಜಧಾನಿಗೆ ಬಂದು ನೆಲೆಸಿದ ಗೃಹಸ್ಥನ ಕಥೆ ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಅಪರಿಚಿತವೇನಲ್ಲ.

ಗುರುವಾಗಿ ದ್ರೋಣರು ಎಂಥವರು? ಒಂದು ಸಣ್ಣ ಪ್ರಸಂಗವನ್ನು ನೋಡಬೇಕು. ನೀರು ತರಲು ಶಿಷ್ಯರಿಗೆಲ್ಲ ಕಿರಿದಾದ ಬಾಯಿಯ ಕಮಂಡಲುಗಳನ್ನು ಕೊಟ್ಟು ತಮ್ಮ ಮಗನಿಗೆ ಮಾತ್ರ ಅಗಲ ಬಾಯಿಯ ಪಾತ್ರೆಯನ್ನು ಕೊಡುತ್ತಿದ್ದರು. ಅವನದು ಬೇಗ ತುಂಬಬೇಕು, ಉಳಿದವರು ಬರುವ ಮೊದಲು ಅವನಿಗೆ ಒಂದಿಷ್ಟು ಹೆಚ್ಚಿನ ಪಾಠ ಆಗಬೇಕು ಎಂಬುದು ಉದ್ದೇಶ. ಅರ್ಜುನ ಅದನ್ನು ಅರಿತು ವಾರುಣಾಸ್ತ್ರದಿಂದ ತನ್ನ ಕಮಂಡಲುವನ್ನು ತುಂಬಿಸಿಕೊಂಡು ಅಶ್ವತ್ಥಾಮನೊಡನೆಯೇ ಮರಳತೊಡಗಿದ. ಇಲ್ಲಿ ತಂದೆ ಗುರುವನ್ನು ವಂಚಿಸುತ್ತಿದ್ದಾನೆ. ಆದರೆ ಕತ್ತಲಲ್ಲಿ ಬಿಲ್ಲಿನ ಠೇಂಕಾರ ಕೇಳಿ ಎದ್ದುಬಂದು, ರಾತ್ರಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದ ಅರ್ಜುನನನ್ನು ತಬ್ಬಿಕೊಂಡು, ಲೋಕದಲ್ಲಿ ನಿನಗೆ ಸಮಾನನಾದ ಬಿಲ್ಲುಗಾರ ಇರದಂತೆ ಮಾಡುವೆನೆಂದು ಮಾತು ಕೊಟ್ಟವರೂ ಇವರೇ. ಅಲ್ಲಿ ಗುರು ತಂದೆಯನ್ನು ಗೆದ್ದ. ಆ ಮಾತನ್ನು ಉಳಿಸಿಕೊಳ್ಳಲು ತೆತ್ತ ಬೆಲೆಯೇ ಏಕಲವ್ಯನ ಹೆಬ್ಬೆರಳು. ತೆತ್ತವರು ದ್ರೋಣರಲ್ಲ, ಪಾಠವನ್ನೇ ಪಡೆಯದ ಒಬ್ಬ ನಿಷಾದ ಬಾಲಕ. ಇದನ್ನು ಸಮರ್ಥಿಸಲು ನಾನಾ ವಾದಗಳಿವೆ. ಅವು ಏನೇ ಇರಲಿ, ಕೇಳುವವರ ಮನಸ್ಸು ಇಲ್ಲಿ ಮುದುಡಿಕೊಳ್ಳುವುದು ಸಹಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಭಾರತ ಸರಕಾರ 1985ರಲ್ಲಿ ಕ್ರೀಡಾ ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. ಮೊದಲ ವರ್ಷ ಅದನ್ನು ಪಡೆದವರಲ್ಲಿ ಪಿ.ಟಿ. ಉಷಾ ಅವರನ್ನು ಬೆಳೆಸಿದ ಓ.ಎಂ. ನಂಬಿಯಾರ್ ಒಬ್ಬರು, ಅವರೂ ವಾಯುಸೇನೆಯಲ್ಲಿ ದುಡಿದು ಬಂದ ಗುರು ಎಂಬುದು ಒಂದು ಸೊಗಸಾದ ಸಾಮ್ಯ.

ಶಿಷ್ಯರು ಗುರುದಕ್ಷಿಣೆಯಾಗಿ ದ್ರುಪದನನ್ನು ಹಿಡಿದು ತಂದರು. ದ್ರೋಣರು ಕೊಲ್ಲಲಿಲ್ಲ. ಅರ್ಧ ರಾಜ್ಯವನ್ನು ಇಟ್ಟುಕೊಂಡು, ಈಗ ಸಮಾನರಾದೆವು, ಸ್ನೇಹಿತರಾಗೋಣ ಎಂದು ಬಿಟ್ಟುಬಿಟ್ಟರು. ಹಾಗೆ ಅವರಿಗೆ ಬಂದ ಅಹಿಚ್ಛತ್ರದ ಅವಶೇಷಗಳು ಉತ್ತರಪ್ರದೇಶದ ಬರೇಲಿ ಜಿಲ್ಲೆಯ ರಾಮನಗರದ ಬಳಿ ಇಂದಿಗೂ ಇವೆ. ದ್ರುಪದ ಮರೆಯಲಿಲ್ಲ, ದ್ರೋಣರನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿಸಿದ. ಧೃಷ್ಟದ್ಯುಮ್ನ ಅಗ್ನಿಕುಂಡದಿಂದ ಎದ್ದುಬಂದ. ಇಲ್ಲಿ ಆದಿಪರ್ವ ಎರಡು ಸಾಲುಗಳಲ್ಲಿ ಹೇಳಿ ಮುಗಿಸುವ ಒಂದು ಸಂಗತಿ ಇದೆ: ಆ ಧೃಷ್ಟದ್ಯುಮ್ನನನ್ನು ದ್ರೋಣರು ತಮ್ಮ ಮನೆಗೆ ಕರೆತಂದು ಅಸ್ತ್ರವಿದ್ಯೆಯನ್ನು ಕಲಿಸಿದರು. ದೈವಸಂಕಲ್ಪವನ್ನು ತಪ್ಪಿಸಲಾಗದು ಎಂದು ಬಲ್ಲವರು, ತಮ್ಮ ಕೀರ್ತಿಯನ್ನು ಕಾಯಬೇಕೆಂಬುವರು. ತನ್ನನ್ನು ಕೊಲ್ಲಲೆಂದೇ ಹುಟ್ಟಿದವನ ಕೈಗೆ ಬಿಲ್ಲು ಹಿಡಿಯುವುದನ್ನು ಕಲಿಸಿದ ಗುರು ಇನ್ನೊಬ್ಬರಿದ್ದರೇ? ಏಕಲವ್ಯನ ಪ್ರಸಂಗವನ್ನು ಹೇಳುವವರು ಇದನ್ನೂ ಹೇಳಿದರೆ ನ್ಯಾಯವಾದೀತು.

ಪಾಠದ ವಿಷಯ ಬಂದದ್ದರಿಂದ ಒಂದು ಮಾತು. ಭಾರತದ ಗ್ರಂಥಗಳಲ್ಲಿ ಸೇರಿಕೆಗಳೂ ಲೋಪಗಳೂ ಆಗಿವೆ, ಬೇರೆ ಬೇರೆ ದೇಶಗಳ ಪ್ರತಿಗಳನ್ನು ನೋಡಿ ನಿರ್ಣಯಿಸಬೇಕು ಎಂದು ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ 13ನೆಯ ಶತಮಾನದಷ್ಟು ಹಿಂದೆಯೇ ಹೇಳಿದರು. ಪುಣೆಯ ಭಾಂಡಾರಕರ್ ಸಂಸ್ಥೆ 1919ರಲ್ಲಿ ಕೈಗೊಂಡು 1966ರಲ್ಲಿ ಮುಗಿಸಿದ ಪರಿಷ್ಕರಣಕಾರ್ಯವೂ ಅದೇ ಬಗೆಯ ಶ್ರಮ. ಪುಣೆಯ ಭಕ್ತರು ಆ ದಾರಿಯಲ್ಲಿ ಹೋದಾಗ ಒಮ್ಮೆ ಆ ಗ್ರಂಥಾಲಯದ ಮೆಟ್ಟಿಲೇರಿ ಬರಬೇಕು.

ದ್ಯೂತಸಭೆಯಲ್ಲಿ ದ್ರೌಪದೀದೇವಿಯರು ಪ್ರಶ್ನೆ ಕೇಳಿದಾಗ ಮಾತನಾಡಿದವನು ವಿಕರ್ಣ, ದುರ್ಯೋಧನನ ತಮ್ಮ. ಆಚಾರ್ಯರು ಕುಳಿತೇ ಇದ್ದರು. ಆ ಮೌನದ ಕಾರಣವನ್ನು ಅವರೇ ಯುದ್ಧಾರಂಭದಲ್ಲಿ ಹೇಳಿದ್ದಾರೆ. ಧರ್ಮರಾಜ ಕವಚ ಕಳಚಿ, ಬರಿಗಾಲಲ್ಲಿ ಶತ್ರುಸೇನೆಯೊಳಗೆ ನಡೆದುಬಂದು ಗುರುಗಳಿಗೆ ನಮಸ್ಕರಿಸಿದಾಗ, ಮನುಷ್ಯ ಹಣದ ದಾಸ, ಕೌರವರು ತಮ್ಮನ್ನು ಹಣದಿಂದ ಕಟ್ಟಿಹಾಕಿದ್ದಾರೆ ಎಂದು ದ್ರೋಣರು ನಾಚಿಕೆ ಬಿಟ್ಟು ಒಪ್ಪಿಕೊಂಡರು. ಹೋರಾಟ ಅವರ ಪರ, ಆಶೀರ್ವಾದ ನಿನಗೆ ಎಂದರು. ಅಷ್ಟೇ ಅಲ್ಲ, ನಂಬತಕ್ಕ ಮನುಷ್ಯನಿಂದ ಅತ್ಯಂತ ಅಪ್ರಿಯವಾದ ಮಾತನ್ನು ಕೇಳಿದಾಗ ಮಾತ್ರ ತಾವು ಶಸ್ತ್ರ ಕೆಳಗಿಡುವುದಾಗಿ ತಮ್ಮ ಸಾವಿನ ದಾರಿಯನ್ನೂ ತಾವೇ ತೋರಿಸಿದರು. ಮಗನಿಗೆ ಹಾಲಿಲ್ಲವೆಂದು ಆರಂಭವಾದ ಅನ್ನದ ಋಣ ಮಗ ಮಹಾರಥನಾದ ಮೇಲೂ ತೀರಿರಲಿಲ್ಲ.

ಸೇನಾಪತಿಯಾಗಿ ಅವರು ಕೆಲಸಗಳ್ಳರಾಗಲಿಲ್ಲ. ಕಿವಿಯವರೆಗೆ ನರೆತ ಆ ವೃದ್ಧರು ರಣದಲ್ಲಿ ಹದಿನಾರರ ತರುಣನಂತೆ ಓಡಾಡಿದರೆಂದು ವ್ಯಾಸರು ವರ್ಣಿಸುತ್ತಾರೆ. 13ನೆಯ ದಿನ ಅವರು ರಚಿಸಿದ ಚಕ್ರವ್ಯೂಹದಲ್ಲಿ ಅಭಿಮನ್ಯು ಹೋರಾಡುವುದನ್ನು ಕಂಡು ಮೆಚ್ಚಿ ಹೊಗಳಿದರು. ಅದೇ ಬಾಯಿಂದ, ಅವನ ಬಿಲ್ಲನ್ನು ಕತ್ತರಿಸದೆ ಗೆಲ್ಲಲಾಗದೆಂದು ಕರ್ಣನಿಗೆ ಉಪಾಯವನ್ನೂ ಹೇಳಿದರು. ಮರುದಿನ ಜಯದ್ರಥನನ್ನು ಅರಸಿ ಹೊರಟ ಅರ್ಜುನ ಎದುರಾದಾಗ, ನೀವು ಗುರುಗಳು, ಶತ್ರುಗಳಲ್ಲ ಎಂದು ಪ್ರದಕ್ಷಿಣೆ ಮಾಡಿ ಮುಂದೆ ಸಾಗಿದ. ಪಾಂಡವರಲ್ಲಿ ಪಕ್ಷಪಾತವೆಂದು ದುರ್ಯೋಧನ ಆ ದಿನ ಚುಚ್ಚಿ ನುಡಿದ. ಎರಡು ಕಡೆಯವರ ಅನುಮಾನವನ್ನೂ ಹೊತ್ತ ವೃದ್ಧರಿಗೆ ಆ ರಾತ್ರಿ ಯುದ್ಧಕ್ಕೆ ವಿರಾಮವೂ ಇರಲಿಲ್ಲ. 15ನೆಯ ದಿನದ ಬೆಳಗಿನಲ್ಲಿ ಬಾಲ್ಯದ ಗೆಳೆಯ ದ್ರುಪದ ಅವರ ಬಾಣದಿಂದಲೇ ಬಿದ್ದ.

ಭೀಮಸೇನದೇವರು ಅಶ್ವತ್ಥಾಮನೆಂಬ ಆನೆಯನ್ನು ಕೊಂದು ಕೂಗಿದಾಗ ದ್ರೋಣರು ಪೂರ್ಣವಾಗಿ ನಂಬಲಿಲ್ಲ. ಮಗನ ಪರಾಕ್ರಮ ಅವರಿಗೆ ಗೊತ್ತಿತ್ತು. ಮೂರು ಲೋಕಗಳ ಐಶ್ವರ್ಯಕ್ಕಾಗಿಯೂ ಸುಳ್ಳಾಡದವನೆಂದು ತಾವು ಬಾಲ್ಯದಿಂದ ಬಲ್ಲ ಶಿಷ್ಯನನ್ನೇ ಕೇಳಿದರು. ಶ್ರೀಕೃಷ್ಣನ ಪ್ರೇರಣೆಯಿಂದ ಧರ್ಮರಾಜ ಹೇಳಿದ. ಆನೆಯೆಂಬ ಮಾತು ಕೇಳಿಸದಂತೆ ಹೇಳಿದ. ಶಿಷ್ಯನ ಮೇಲಿನ ಗುರುವಿನ ನಂಬಿಕೆ, ಮಗನ ಮೇಲಿನ ತಂದೆಯ ಪ್ರೀತಿ, ಇವೆರಡೂ ಸೇರಿ ಸೇನಾಪತಿಯ ಕೈಯನ್ನು ಸಡಿಲಿಸಿದವು. ಆ ಹೊತ್ತಿಗೆ ಪಿತೃಗಳಾದ ಭರದ್ವಾಜರೂ ಸೇರಿದಂತೆ ಮಹರ್ಷಿಗಳು ಕಾಣಿಸಿಕೊಂಡು, ಅಸ್ತ್ರವನ್ನರಿಯದ ಸಾಮಾನ್ಯ ಯೋಧರ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟದ್ದು ಅಧರ್ಮ, ಇನ್ನು ಸಾಕು ಎಂದು ಎಚ್ಚರಿಸಿದ್ದರು. ದ್ರೋಣರು ಶಸ್ತ್ರವನ್ನಿಳಿಸಿ, ಸಮಸ್ತ ಪ್ರಾಣಿಗಳಿಗೂ ಅಭಯವಿತ್ತು, ರಥದಲ್ಲಿಯೇ ಯೋಗದಲ್ಲಿ ಕುಳಿತು ದೇಹವನ್ನು ತ್ಯಜಿಸಿದರು. ಆಚಾರ್ಯರನ್ನು ಕೊಲ್ಲಬೇಡ, ಜೀವಸಹಿತ ಕರೆತಾ ಎಂದು ಅರ್ಜುನ ಕೂಗುತ್ತ ಓಡಿದ. ಧೃಷ್ಟದ್ಯುಮ್ನ ಕತ್ತರಿಸಿದ್ದು ಹೊರಟುಹೋದವರ ತಲೆಯನ್ನು.

ಮುಂದೆ ಅಶ್ವತ್ಥಾಮ ಮಾಡಿದ ಘೋರಕೃತ್ಯ ಸೌಪ್ತಿಕಪರ್ವದಲ್ಲಿದೆ. ಸೆರೆಸಿಕ್ಕಿದ ಅವನನ್ನು ಕಂಡು ದ್ರೌಪದೀದೇವಿಯರು ಹೇಳಿದ್ದು ಭಾಗವತದ ಪ್ರಥಮಸ್ಕಂಧದಲ್ಲಿ ಬರುತ್ತದೆ: ಮಗನ ರೂಪದಲ್ಲಿ ಗುರುಗಳೇ ಇದ್ದಾರೆ, ಬಿಟ್ಟುಬಿಡಿ; ಮಕ್ಕಳನ್ನು ಕಳೆದುಕೊಂಡು ತಾನು ಅಳುವಂತೆ ಇವನ ತಾಯಿ ಅಳಬಾರದು. ಐವರು ಮಕ್ಕಳನ್ನು ಅವನಿಂದಲೇ ಕಳೆದುಕೊಂಡ ತಾಯಿಗೆ ಆ ಗಳಿಗೆಯಲ್ಲಿ ನೆನಪಾದವಳು ಕೃಪಿ.

ಆ ಕೃಪಿ ರಣಭೂಮಿಯಲ್ಲಿ ಪತಿಯ ದೇಹದ ಬಳಿ ತಲೆ ಕೆದರಿ, ಮುಖ ತಗ್ಗಿಸಿ ಕುಳಿತಿದ್ದುದನ್ನು ಸ್ತ್ರೀಪರ್ವದಲ್ಲಿ ಗಾಂಧಾರಿ ಶ್ರೀಕೃಷ್ಣನಿಗೆ ತೋರಿಸುತ್ತಾಳೆ. ಕಟ್ಟಿಗೆಯ ಜೊತೆಗೆ ಬಿಲ್ಲುಗಳು, ಶಕ್ತ್ಯಾಯುಧಗಳು, ಮುರಿದ ರಥದ ಭಾಗಗಳನ್ನೂ ಒಟ್ಟಿ ಚಿತೆಯನ್ನು ಸಿದ್ಧಪಡಿಸಿದವರು ಜಟಾಧಾರಿಗಳಾದ ಬ್ರಹ್ಮಚಾರಿಗಳು. ಸಾಮಗಾನವಾಯಿತು, ಅಗ್ನಿಕಾರ್ಯವಾಯಿತು. ಅನಂತರ ಆ ಬ್ರಾಹ್ಮಣ ಶಿಷ್ಯರು ಚಿತೆಯನ್ನು ಅಪ್ರದಕ್ಷಿಣವಾಗಿ ಬಳಸಿ, ಗುರುಪತ್ನಿಯನ್ನು ಮುಂದಿಟ್ಟುಕೊಂಡು ಗಂಗೆಯ ಕಡೆಗೆ ನಡೆದರು.

ಶ್ರೀಕೃಷ್ಣಾರ್ಪಣಮಸ್ತು.