ಉಕ್ಕಿನೂರಿನ ಫುಟ್‌ಬಾಲ್ ಗರಡಿ



1902ರಲ್ಲಿ ಜಮ್ಶೆಟ್ಜಿ ಟಾಟಾ ತಮ್ಮ ಮಗ ದೊರಾಬ್ಜಿಗೆ ಒಂದು ಕಾಗದ ಬರೆದರು. ಉಕ್ಕಿನ ಕಾರ್ಖಾನೆ ಹಾಗಿರಲಿ, ಅದಕ್ಕೆ ಬೇಕಾದ ಜಾಗವೇ ಆಗಿನ್ನೂ ಗೊತ್ತಾಗಿರಲಿಲ್ಲ. ಆದರೆ ಕಾರ್ಮಿಕರ ಊರು ಹೇಗಿರಬೇಕೆಂದು ಅವರು ಯೋಚಿಸಿಯಾಗಿತ್ತು. ಬೀದಿಗಳು ಅಗಲವಾಗಿರಲಿ, ಬೇಗ ಬೆಳೆದು ನೆರಳು ಕೊಡುವ ಮರಗಳನ್ನು ನೆಡಿಸು, ತೋಟಗಳಿಗೆ ಜಾಗ ಬಿಡು, ಗುಡಿ ಮಸೀದಿ ಚರ್ಚುಗಳಿಗೂ ಬಿಡು ಎಂದೆಲ್ಲ ಹೇಳಿ, ಅದರ ಜೊತೆಗೇ ಫುಟ್‌ಬಾಲ್, ಹಾಕಿ ಆಡಲು ವಿಶಾಲವಾದ ಬಯಲುಗಳನ್ನು ಕಾದಿರಿಸಬೇಕೆಂದೂ ಸೂಚಿಸಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ತೀರಿಕೊಂಡರು. ಸಾಕ್ಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು, 1912ರಲ್ಲಿ ಉಕ್ಕು ಹರಿಯಿತು, 1919ರಲ್ಲಿ ಊರಿಗೆ ಜಮ್ಶೆಡ್‌ಪುರವೆಂದು ಹೆಸರಾಯಿತು. ಬಯಲುಗಳೂ ಉಳಿದವು. ನಮ್ಮ ಊರುಗಳಲ್ಲಿ ಆಟದ ಬಯಲುಗಳಿಗೆ ಏನಾಗಿದೆಯೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಇಂಥ ಊರಿನಲ್ಲಿ 1987ರಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಶುರುವಾಯಿತು. ಆಗ ಉಕ್ಕಿನ ಕಂಪನಿಯ ಅಧ್ಯಕ್ಷರಾಗಿದ್ದವರು ರೂಸಿ ಮೋದಿ. ಆ ಹೊತ್ತಿಗೆ ಭಾರತದ ಫುಟ್‌ಬಾಲ್ ಹಳೆಯ ಕೀರ್ತಿಯ ಮೇಲೆ ಕಾಲ ಹಾಕುತ್ತಿತ್ತು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚು. ಅಲ್ಲಿಂದಾಚೆ ಹೇಳಿಕೊಳ್ಳುವಂಥದ್ದು ಕಮ್ಮಿ. ನಮ್ಮ ಹುಡುಗರು ಬೀದಿಯಲ್ಲಿ ಆಡಿ ಕಲಿತು ಹದಿನೆಂಟಕ್ಕೋ ಇಪ್ಪತ್ತಕ್ಕೋ ಕ್ಲಬ್ಬಿಗೆ ಬರುತ್ತಿದ್ದರು. ಆ ವಯಸ್ಸಿಗೆ ಕಾಲಿನ ರೂಢಿ ಗಟ್ಟಿಯಾಗಿರುತ್ತದೆ. ಬಲಗಾಲಿನವನಿಗೆ ಎಡಗಾಲು ಕಲಿಸಹೊರಟರೆ ಕೋಚಿನ ಗಂಟಲು ಒಣಗುತ್ತದೆ, ಅಷ್ಟೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಹಾಗಾಗಿ ಅಕಾಡೆಮಿ ಎಳೆಯರನ್ನೇ ಹಿಡಿಯಿತು. ದೇಶದ ನಾನಾ ಕಡೆ ಟ್ರಯಲ್ಸ್ ನಡೆಸಿ ಹುಡುಗರನ್ನು ಆರಿಸಿ ತಂದಿತು. ಅಲ್ಲಿ ಅವರಿಗೆ 'ಕೆಡೆಟ್' ಎಂದು ಹೆಸರು. ನಾಲ್ಕು ವರ್ಷ ಹಾಸ್ಟೆಲಿನ ಊಟ, ಶಾಲೆಯ ಪಾಠ, ಮೈದಾನದ ಅಭ್ಯಾಸ. ಖರ್ಚೆಲ್ಲ ಕಂಪನಿಯದು. ಮಣಿಪುರದ ಹುಡುಗ, ಗೋವೆಯ ಹುಡುಗ, ಬಂಗಾಳದ ಹುಡುಗ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಜಾಗ ಅದು.

ಗುರುಗಳೂ ಸಾಮಾನ್ಯರಲ್ಲ. ಜಕಾರ್ತಾದಲ್ಲಿ ಚಿನ್ನ ಗೆದ್ದ ತಂಡದ ನಾಯಕ ಚುನಿ ಗೋಸ್ವಾಮಿ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದರು. ಅದೇ ತಂಡದ ಪಿ.ಕೆ. ಬ್ಯಾನರ್ಜಿ 1991ರಲ್ಲಿ ತಾಂತ್ರಿಕ ನಿರ್ದೇಶಕರಾಗಿ ಬಂದರು. ಪಿ.ಕೆ. ಅವರಿಗೆ ಜಮ್ಶೆಡ್‌ಪುರ ಹೊಸದೇನಲ್ಲ, ಹುಡುಗನಾಗಿದ್ದಾಗ ಅಲ್ಲೇ ಆಡಿ ಬೆಳೆದವರು. ಬ್ಯಾಂಕಾಕಿನ ಕಂಚಿನ ತಂಡದ ಮೊಹಮ್ಮದ್ ಹಬೀಬ್ ಕೂಡ ಅಲ್ಲಿ ಕೋಚ್ ಆಗಿದ್ದರು. ಪಿ.ಕೆ. ಬಂದ ವರ್ಷವೇ ಜೆ.ಆರ್.ಡಿ. ಟಾಟಾ ಕ್ರೀಡಾ ಸಂಕೀರ್ಣವೂ ತೆರೆಯಿತು.

ಈ ಗರಡಿಯಲ್ಲಿ ಪಳಗಿದವರಲ್ಲಿ ನಮ್ಮವರೊಬ್ಬರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾರ್ಲ್‌ಟನ್ ಚಾಪ್‌ಮನ್, ಬೆಂಗಳೂರಿನವರು. ಎಂಬತ್ತರ ದಶಕದಲ್ಲಿ ಇಲ್ಲಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತು, 1990ರಲ್ಲಿ ಜಮ್ಶೆಡ್‌ಪುರ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಅವರನ್ನು ಕರೆದುಕೊಂಡಿತು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಎದುರಾದದ್ದು ಇರಾಕಿನ ಅಲ್ ಜವ್ರಾ. ಇರಾಕಿನ ಕ್ಲಬ್ಬುಗಳ ಮುಂದೆ ನಮ್ಮವರು ಮರ್ಯಾದೆಯಾಗಿ ಸೋತರೆ ಸಾಕೆನ್ನುವ ಕಾಲ ಅದು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು, ಚಾಪ್‌ಮನ್ ಹ್ಯಾಟ್ರಿಕ್ ಹೊಡೆದರು. ಅವರು ಸ್ಟ್ರೈಕರ್ ಅಲ್ಲ, ಮಿಡ್‌ಫೀಲ್ಡರ್ ಎಂಬುದನ್ನು ಮರೆಯಬೇಡಿ. ಮುಂದೆ ಜೆಸಿಟಿ ಕ್ಲಬ್ಬಿನಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಭಾರತದ ನಾಯಕರಾದರು. ಬೂಟು ಕಳಚಿದ ಮೇಲೆ 2002ರಲ್ಲಿ ಅದೇ ಅಕಾಡೆಮಿಗೆ ಕೋಚ್ ಆಗಿ ಮರಳಿದರು. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ನಿಧನರಾದಾಗ ವಯಸ್ಸು ಬರೀ ನಲವತ್ತೊಂಬತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ಅಕಾಡೆಮಿ ಹುಟ್ಟಿದ್ದು 1987ರಲ್ಲಿ, ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ತೊಂಬತ್ತರ ಆರಂಭದಲ್ಲಿ ಕಲಿತು ಹೊರಬಿದ್ದ ಹುಡುಗರಿಗೆ ದೇಶಮಟ್ಟದ ಒಂದು ಲೀಗೂ ಇರಲಿಲ್ಲ. ಅಕಾಡೆಮಿ ನಡೆಸುತ್ತಿದ್ದವರಿಗೇ ದೊಡ್ಡ ಕ್ಲಬ್ ಇರಲಿಲ್ಲ. ಕೋಲ್ಕತ್ತ, ಗೋವೆಗಳತ್ತ ಮುಖ ಮಾಡಬೇಕು, ಇಲ್ಲವೇ ಕಾರ್ಖಾನೆಯ ತಂಡ ಸೇರಬೇಕು. ಐಟಿಐ, ಎಚ್‌ಎಎಲ್ ತಂಡಗಳನ್ನು ನೋಡಿದ ಬೆಂಗಳೂರಿಗರಿಗೆ ಇದು ಗೊತ್ತು. ಆಟಗಾರನ ಮನೆಯವರು ಮೊದಲು ಕೇಳುತ್ತಿದ್ದದ್ದು ಗೋಲಿನ ಲೆಕ್ಕವನ್ನಲ್ಲ, ನೌಕರಿ ಖಾಯಂ ಆಯಿತೇ ಎಂದು. ಅಕಾಡೆಮಿ ದೇಶದ ತಂಡವನ್ನು ಏಕೆ ಮೇಲೆತ್ತಲಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ವಿಳಾಸಕ್ಕೆ ಹೋದ ದೂರು. ಹುಡುಗರನ್ನು ತಯಾರು ಮಾಡಿದವರು ತಮ್ಮ ಕೆಲಸ ಮಾಡಿದರು, ತಯಾರಾದವರಿಗೆ ಆಡಲು ಜಾಗ ಮಾಡಬೇಕಾದವರು ತಡ ಮಾಡಿದರು.

ಹಾಗಿದ್ದೂ ಬಂದವರು ಕಡಿಮೆಯಿಲ್ಲ. ರೆನೆಡಿ ಸಿಂಗ್, ಮಹೇಶ್ ಗಾವ್ಲಿ, ದೀಪಕ್ ಮಂಡಲ್ ಅಲ್ಲಿಯವರೇ. 2011ರ ಏಷ್ಯನ್ ಕಪ್‌ನಲ್ಲಿ ದಕ್ಷಿಣ ಕೊರಿಯಾ ನಮ್ಮ ಗೋಲಿನ ಮೇಲೆ ಒಂದೇ ಸಮನೆ ಮುಗಿಬಿದ್ದಾಗ ಹಾರಿ ಹಾರಿ ಚೆಂಡು ತಡೆದ ಸುಬ್ರತ ಪಾಲ್ ಕೂಡ. 4–1ರಿಂದ ಸೋತ ಪಂದ್ಯದಲ್ಲಿ ಗೋಲ್‌ಕೀಪರನಿಗೆ 'ಸ್ಪೈಡರ್‌ಮ್ಯಾನ್' ಎಂಬ ಬಿರುದು ಸಿಕ್ಕಿತೆಂದರೆ ಅಂದಿನ ಆಟ ಹೇಗಿದ್ದಿರಬೇಕೆಂದು ನೀವೇ ಊಹಿಸಿ. ಇನ್ನೊಬ್ಬ ಗೋಲ್‌ಕೀಪರ್ ಕಲ್ಯಾಣ್ ಚೌಬೆ 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದರು. ಅದನ್ನು ಆಟದ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ, ನಿಮಗೇ ಬಿಟ್ಟದ್ದು. ಬೆಂಗಳೂರು ಎಫ್‌ಸಿಯ ಬಲಬದಿಯಲ್ಲಿ ಬಾಣದಂತೆ ಓಡುತ್ತಿದ್ದ ಉದಾಂತ ಸಿಂಗ್ ಅವರನ್ನು ಕಂಠೀರವದಲ್ಲಿ ಎಷ್ಟೋ ಜನ ನೋಡಿದ್ದೀರಿ.

2017ರಲ್ಲಿ ಜಮ್ಶೆಡ್‌ಪುರ ಎಫ್‌ಸಿ ಹುಟ್ಟಿತು. ಮೂವತ್ತು ವರ್ಷದ ನಂತರ ಆ ಊರಿನ ಹುಡುಗರಿಗೆ ಊರಿನಲ್ಲೇ ದೊಡ್ಡ ತಂಡ ಸಿಕ್ಕಿತು. 2021–22ರಲ್ಲಿ ಅದು ಇಂಡಿಯನ್ ಸೂಪರ್ ಲೀಗಿನ ಲೀಗ್ ಶೀಲ್ಡ್ ಗೆದ್ದಿತು. ಅಲ್ಲಿಯ ಅಭಿಮಾನಿಗಳು ಕ್ರೀಡಾಂಗಣವನ್ನು 'ಫರ್ನೇಸ್' ಎನ್ನುತ್ತಾರೆ, ಅಂದರೆ ಕುಲುಮೆ.

ನಮ್ಮಲ್ಲೂ ಇಂಥದೇ ಕೆಲಸ ಇನ್ನೊಂದು ಉಕ್ಕಿನೂರಿನಲ್ಲಿ ನಡೆದಿದೆ. ಬಳ್ಳಾರಿ ಜಿಲ್ಲೆಯ ವಿಜಯನಗರ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ತೆರೆದ ಕ್ರೀಡಾ ಸಂಸ್ಥೆಯಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ. ಇಲ್ಲಿಯ ಹುಡುಗರಿಗೆ ಜಮ್ಶೆಡ್‌ಪುರದ ಮೊದಲ ಕೆಡೆಟ್‌ಗಳಿಗಿಲ್ಲದ ಅನುಕೂಲವೊಂದಿದೆ: ಕಲಿತ ಮೇಲೆ ಹತ್ತಲು ಕಿರಿಯರ ತಂಡ, ಅದರ ಮೇಲೆ ಹಿರಿಯರ ತಂಡ. ಆ ಕಿರಿಯರು 2022ರಲ್ಲಿ ಮೊದಲ ಡೆವಲಪ್‌ಮೆಂಟ್ ಲೀಗ್ ಗೆದ್ದು ತೋರಿಸಿದ್ದಾರೆ.

ಈ ಕಿರಿಯರಿಗೆ ಕೊರತೆಯಾಗಿರುವುದು ನೋಡುವವರದು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇವರೂ ಆಡುವ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ಪಂದ್ಯಗಳು ನಡೆಯುವಾಗ ಗ್ಯಾಲರಿ ಭಣಗುಟ್ಟುತ್ತಿರುತ್ತದೆ. ಮುಂದಿನ ಸಲ ಪಂದ್ಯದ ಸುದ್ದಿ ಕಣ್ಣಿಗೆ ಬಿದ್ದರೆ ಮನೆಯ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.